ಅತ್ತೆ ಹೇಳಿದ ಹವಾಮಾನ

ನಮ್ಮ ಅತ್ತೆಗೆ ಪೋರ್ಚುಗೀಸ್ ಬರುತ್ತದೆ ಎಂದು ನಮಗೆ ಗೊತ್ತಾದದ್ದು ಅವರ ಮಾತು ಹೋದ ಮೇಲೆ. ಇದನ್ನು ಯಾರಿಗೆ ಹೇಳಿದರೂ ಅವರು ನನ್ನ ಮುಖವನ್ನೇ ಮಿಕಮಿಕ ನೋಡುತ್ತಾರೆ. ಏನೋ ಆಗಿರುವುದು ಅತ್ತೆಗಲ್ಲ, ಇವಳಿಗೇ ಇರಬೇಕು ಎಂಬ ನೋಟ ಅದು. ಅವರದೇನೂ ತಪ್ಪಿಲ್ಲ, ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ಅಡಿಗೆಮನೆಯಲ್ಲಿ ಅವರೊಂದಿಗೆ ಜಗಳವಾಡಿದವಳು ನಾನು. ಯಾವ ಪಲ್ಯಕ್ಕೆ ಎಷ್ಟು ಗುರೆಳ್ಳುಪುಡಿ ಬೇಕು, ಯಾರ ಮದುವೆಯಲ್ಲಿ ಯಾರು ಅವರನ್ನು ಮಾತನಾಡಿಸದೆ ಹೋದರು, ಯಾವ ಸೀರೆಯನ್ನು ಯಾರೂ ಮುಟ್ಟಕೂಡದು, ಎಲ್ಲ ನನಗೆ ಬಾಯಿಪಾಠ. ಈ ಒಂದು ಸಂಗತಿ ಮಾತ್ರ ನನಗೂ ಗೊತ್ತಿರಲಿಲ್ಲ, ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಗೊತ್ತಿರಲಿಲ್ಲ.

ನಾವು ಹುಬ್ಬಳ್ಳಿಯವರು. ನಮ್ಮ ಮನೆಯವರದು ರೈಲ್ವೆಯಲ್ಲಿ ನೌಕರಿ, ನನ್ನದು ಬ್ಯಾಂಕಿನಲ್ಲಿ. ಮೂರು ವರ್ಷದ ಹಿಂದೆ ಅವರು ತಾವಾಗಿಯೇ ವಾರಾಣಸಿಗೆ ವರ್ಗ ಕೇಳಿಕೊಂಡಾಗ ಅವರ ಆಫೀಸಿನಲ್ಲಿ ನಕ್ಕರಂತೆ. ನಾನು ನಗಲಿಲ್ಲ, ಕೂಗಾಡಿದೆ. ಅವರದು ಒಂದೇ ಮಾತು: "ಅವ್ವಗ ಎಂಬತ್ತು ಆತು. ಕಾಶಿವಾಸ ಆಗಲಿ." ಕಾಶಿಯ ಎಲ್ಲೆಯೊಳಗೆ ಪ್ರಾಣ ಬಿಟ್ಟವರಿಗೆ ಮತ್ತೆ ಹುಟ್ಟಿಲ್ಲ ಎಂಬ ನಂಬಿಕೆಯಿಂದ ಮುದುಕರು ಇಲ್ಲಿಗೆ ಬಂದು ಇದ್ದುಬಿಡುತ್ತಾರಲ್ಲ, ಅದು ಕಾಶಿವಾಸ. ಅದರ ಎದುರು ಸೊಸೆಯಾದವಳು ಏನು ವಾದ ಮಾಡಬೇಕು? ನಾನೂ ವರ್ಗಕ್ಕೆ ಅರ್ಜಿ ಹಾಕಿ ಹಿಂದಿನಿಂದ ಬಂದೆ.

ಕೇದಾರ ಘಾಟಿನ ಗಲ್ಲಿಯಲ್ಲಿ ಎರಡನೇ ಮಹಡಿಯ ಮನೆ. ಎರಡು ಕೋಣೆ. ಹಾಲಿನ ಕಿಟಕಿ ಗಲ್ಲಿಯ ಕಡೆಗೆ. ಒಳಕೋಣೆಯ ಕಿಟಕಿ ಹೊಳೆಯ ಕಡೆಗೆ, ಅದರಾಚೆ ಗೋಡೆ ಕಟ್ಟಿದ ಒಂದು ಸಣ್ಣ ಬಾಲ್ಕನಿ. ಕೆಳಗೆ ಇಡ್ಲಿ ಅಂಗಡಿ. ಅತ್ತೆ ಬಂದ ಮೊದಲ ವಾರದಲ್ಲೇ ಆ ಅಂಗಡಿಯವನ ಚಟ್ನಿ ಬರೀ ನೀರು ಎಂದು ಹೆಸರಿಟ್ಟರು. ಮೂರು ವರ್ಷ ದಿನಾ ಬೆಳಿಗ್ಗೆ ಕೇದಾರೇಶ್ವರನ ಗುಡಿಗೆ ಹೋಗಿ ಬರುತ್ತಿದ್ದರು, ಬಂದು ನನ್ನ ಚಹಾಕ್ಕೂ ಹೆಸರಿಡುತ್ತಿದ್ದರು. ಚೆನ್ನಾಗಿಯೇ ಇದ್ದರು.

ಹೋದ ಕಾರ್ತಿಕ ಹುಣ್ಣಿಮೆ ಕಳೆದು ಸ್ವಲ್ಪ ದಿನಕ್ಕೆ, ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತಿದ್ದವರು ತಂಬಿಗೆ ಹಿಡಿದುಕೊಂಡೇ ಕುಸಿದರು. ಮೆದುಳಿನ ಎಡಕ್ಕೆ ಪೆಟ್ಟು, ಬಲಗೈ ಬಲಗಾಲು ಎರಡೂ ಎತ್ತದಂತಾದವು, ಬಾಯಿ ಒಂದು ಕಡೆ ಜಾರಿತು. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಮ್ಮ ಪುಣ್ಯಕ್ಕೆ ಮೈಸೂರಿನ ಕಡೆಯ ಒಬ್ಬ ಡಾಕ್ಟರು ಸಿಕ್ಕರು. "ಜೀವಕ್ಕೆ ಭಯ ಇಲ್ಲ ಮೇಡಂ. ಮಾತು ಬರಬಹುದು, ಬರದೇನೂ ಇರಬಹುದು. ಬಂದ್ರೆ ಯೋಚನೆ ಮಾಡದೇ ಬಾಯಿಗೆ ಬರೋ ಮಾತು ಮೊದಲು ಬರತ್ತೆ. ಚಿಕ್ಕಂದಿನಲ್ಲಿ ಕಲಿತಿದ್ದು, ದಿನಾ ಹೇಳಿ ಹೇಳಿ ರೂಢಿ ಆಗಿರೋದು. ದೇವರ ಹೆಸರು, ಮಗ್ಗಿ, ಅಂಥದ್ದು," ಎಂದರು.

ನಮ್ಮ ಮನೆಯವರು ಅದರಲ್ಲಿ ದೇವರ ಹೆಸರು ಎನ್ನುವುದೊಂದನ್ನೇ ಕೇಳಿಸಿಕೊಂಡರು. ಅವತ್ತಿನಿಂದ ತಾಯಿಯ ಬಲಕಿವಿಗೆ ಬಾಗಿ "ರಾಮ ಅನ್ನವ್ವಾ, ರಾಮ" ಎನ್ನುವುದು ಶುರುವಾಯಿತು. ಕಾಶಿಯಲ್ಲಿ ಕೊನೆಯ ಮಂತ್ರ ಬಲಕಿವಿಯಲ್ಲೇ ಬೀಳಬೇಕಂತೆ. ಒಂದು ಸಲವಾದರೂ ಅವ್ವ ರಾಮ ಎನ್ನಲಿ ಎಂಬುದೊಂದೇ ಅವರಿಗೆ ಬೇಕಿದ್ದದ್ದು. ನನಗೆ ಬೇಕಿದ್ದದ್ದು ಇನ್ನೂ ಕಡಿಮೆ. ಅವರು ನನ್ನ ಚಹಾಕ್ಕೆ ಮತ್ತೊಮ್ಮೆ ಹೆಸರಿಟ್ಟರೆ ಸಾಕಿತ್ತು.

ಆರನೇ ದಿನ ಬೆಳಿಗ್ಗೆ ಅತ್ತೆ ಕಣ್ಣು ಬಿಟ್ಟು ಸ್ಪಷ್ಟವಾಗಿ ಮಾತನಾಡಿದರು. "ಎಶ್ತಾ ಅಬಫಾದು."

ನಾನು ಬೆಚ್ಚಿಬಿದ್ದೆ. ತೊದಲಿದ್ದರೆ ಬೇರೆ. ಇದು ತೊದಲಲ್ಲ, ಹಾಳತವಾದ ಮಾತು, ಹಿಂದೆ ಮುಂದೆ ಸರಿಯಾಗಿ ನಿಂತ ಮಾತು. ಸಂಜೆಯೊಳಗೆ ನಾಲ್ಕು ಸಲ ಹೇಳಿದರು, ಮರುದಿನ ಇನ್ನೂ ಹೆಚ್ಚು, ದನಿಯಲ್ಲಿ ಸ್ವಲ್ಪ ಸಿಟ್ಟೂ ಸೇರಿಕೊಂಡಿತು. ನಮ್ಮ ಮನೆಯವರು ಬಿಳಿಚಿಕೊಂಡು ನಿಂತರು. ಪಕ್ಕದ ಹಾಸಿಗೆಯವರು ಇದು ಯಾವುದೋ ಪೂರ್ವಜನ್ಮದ ಮಾತು ಎಂದು ಹಿಂದಿಯಲ್ಲಿ ಹೇಳಿ ಕೈ ಮುಗಿದೇಬಿಟ್ಟರು. ನಾವು ಅತ್ತೆಯ ಬಾಯಿಗೆ ಗಂಗಾಜಲ ಬಿಟ್ಟೆವು. ಅವರು ಅದನ್ನು ಎಡಗೈಯಿಂದ ಒರೆಸಿಕೊಂಡು ಮತ್ತೆ ಅದನ್ನೇ ಹೇಳಿದರು. ಡಾಕ್ಟರಿಗೂ ಅದು ಯಾವ ಭಾಷೆ ಎಂದು ತಿಳಿಯಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ ಎಂದರು.

ಐದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಆಸ್ಪತ್ರೆಗೆ ಹೊರಡುವ ಮುಂಚೆ ಕೆಳಗಿನ ಅಂಗಡಿಯಲ್ಲಿ ಇಡ್ಲಿ ಕಟ್ಟಿಸಿಕೊಳ್ಳುತ್ತ ನಿಂತವಳು ಆ ರೆಕಾರ್ಡನ್ನು ಮತ್ತೆ ಹಚ್ಚಿದೆ. ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದ ಒಬ್ಬ ಬಿಳಿ ಹುಡುಗಿ ಸರ್ರನೆ ತಿರುಗಿದಳು. ಗಲ್ಲಿಯ ಲಾಡ್ಜಿನಲ್ಲಿದ್ದು ಸಿತಾರ್ ಕಲಿಯುತ್ತಿದ್ದವಳು, ಮುಖಪರಿಚಯವಿತ್ತು. ಅವಳ ಕೈಯಲ್ಲಿದ್ದ ಇಡ್ಲಿ ಸಾಂಬಾರಿಗೆ ಬಿತ್ತು. ಅವಳ ಹಿಂದಿಯೂ ಕುಂಟುವಂಥದ್ದು, ನನ್ನದೂ ಅಂಥದ್ದೇ. ಆದರೂ ಇಬ್ಬರೂ ಅಂಗಡಿಯ ಬಾಗಿಲಲ್ಲೇ ನಿಂತು ಅರ್ಥ ಮಾಡಿಕೊಂಡೆವು. ಅದು ಅವಳ ದೇಶದ ಮಾತು, ಪೋರ್ಚುಗೀಸ್. ತನ್ನ ಅಜ್ಜಿಯ ಕಾಲದವರು ಶಾಲೆಯಲ್ಲಿ ಕಲಿತು ಆಡುವ ರೀತಿ ಹೀಗೇ ಇರುತ್ತದೆ ಎಂದಳು. ಅರ್ಥ ಕೇಳಿದೆ. "ಸೆಕೆ. ಗಾಳಿ ಇಲ್ಲ. ಉಸಿರು ಕಟ್ಟುತ್ತಿದೆ."

ಚಳಿ ಶುರುವಾಗಿತ್ತು ಎಂದು ವಾರ್ಡಿನ ಕಿಟಕಿಗಳನ್ನೆಲ್ಲ ಭದ್ರವಾಗಿ ಹಾಕಿದ್ದರು. ಐದು ದಿನ ಆ ಜೀವ ಕಿಟಕಿ ತೆಗೆಯಿರಿ ಎಂದು ಹೇಳುತ್ತಿತ್ತು, ನಾವು ಬಾಯಿಗೆ ತೀರ್ಥ ಬಿಡುತ್ತ ನಿಂತಿದ್ದೆವು! ಆಟೋ ಹಿಡಿದು ಓಡಿ, ನರ್ಸಮ್ಮನ ಬೈಗುಳ ತಿಂದು, ಕಿಟಕಿಯ ಒಂದು ಬಾಗಿಲು ತೆಗೆದೆ. ಅತ್ತೆ ಒಂದು ಉದ್ದನೆಯ ಉಸಿರೆಳೆದುಕೊಂಡು ನಿದ್ದೆ ಹೋದರು.

ಅವತ್ತು ಮಧ್ಯಾಹ್ನವೇ ಹುಬ್ಬಳ್ಳಿಯಲ್ಲಿರುವ ಅತ್ತೆಯ ತಮ್ಮನಿಗೆ, ಅಂದರೆ ನಮ್ಮ ಮನೆಯವರ ಸೋದರಮಾವನಿಗೆ, ಫೋನ್ ಹಚ್ಚಿದೆವು. ಅವ್ವ ಪೋರ್ಚುಗೀಸ್ ಮಾತಾಡಲಿಕ್ಕೆ ಹತ್ಯಾಳ ಎಂದು ನಮ್ಮ ಮನೆಯವರು ಹೇಳಿದರು.

"ಅಯ್ಯ, ಬಾಯಿ ಬಿಟ್ಲೇನು ಕಡೀಕೂ," ಎಂದರು ಸೋದರಮಾವ. "ನಮ್ಮಪ್ಪ ಆಣಿ ಹಾಕಿಸಿದ್ದ ಆಕಿಗೆ."

ಅವರ ಅಪ್ಪ ಗೋವಾದ ಕಡೆಯ ರೈಲಿನಲ್ಲಿ ಕೆಲಸಕ್ಕಿದ್ದರು ಎಂಬುದು ನಮಗೆ ಗೊತ್ತಿತ್ತು. ಆದರೆ ಮಗಳನ್ನು ಅಲ್ಲಿ ಪೋರ್ಚುಗೀಸ್ ಸನ್ಯಾಸಿನಿಯರ ಸಾಲೆಗೆ ನಾಲ್ಕು ವರ್ಷ ಕಳಿಸಿದ್ದು ಗೊತ್ತಿರಲಿಲ್ಲ. ಆ ಸಾಲೆಯಲ್ಲಿ ದಿನಾ ಬೆಳಿಗ್ಗೆ ಒಬ್ಬ ಹುಡುಗಿ ಎದ್ದು ಕಿಟಕಿಯ ಹತ್ತಿರ ಹೋಗಿ, ಹೊರಗೆ ನೋಡಿ, ಇವತ್ತು ಹವಾ ಹೇಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಕಂಡದ್ದನ್ನು ಮಾತ್ರ ಹೇಳಬೇಕು, ಕಾಣದ್ದನ್ನು ಹೇಳಿದರೆ ಕೈ ಮೇಲೆ ಪಟ್ಟಿಯ ಏಟು. ಅತ್ತೆ ಅದರಲ್ಲಿ ಎಷ್ಟು ಜಾಣೆ ಎಂದರೆ ಬೇರೆ ಹುಡುಗಿಯರ ಸರದಿಯೂ ಇವರಿಗೇ ಬರುತ್ತಿತ್ತಂತೆ. ಆಮೇಲೆ ಗಡಿ ಬಂದಾಗಿ, ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ಹುಬ್ಬಳ್ಳಿಗೆ ಬಂದರು. ಕಿರಿಸ್ತಾನರ ಸಾಲೆಯಲ್ಲಿ ಕೂತು ಉಂಡವಳು ಎಂದು ತಿಳಿದರೆ ಯಾರು ಲಗ್ನ ಮಾಡಿಕೊಳ್ಳುತ್ತಾರೆ? ಅಪ್ಪ ದೇವರ ಮುಂದೆ ನಿಲ್ಲಿಸಿ, ಇನ್ನು ಆ ಭಾಷೆಯ ಒಂದಕ್ಷರವೂ ಬಾಯಿಂದ ಬರಕೂಡದು ಎಂದು ಆಣೆ ಮಾಡಿಸಿದರು. ಎಂಬತ್ತು ದಾಟುವವರೆಗೆ ಬರಲಿಲ್ಲ. ಗಂಡನಿಗೆ ಹೇಳಲಿಲ್ಲ, ಮಗನಿಗೆ ಹೇಳಲಿಲ್ಲ.

ಫೋನ್ ಇಟ್ಟ ಮೇಲೆ ನಮ್ಮ ಮನೆಯವರು ಬಹಳ ಹೊತ್ತು ತಲೆಯ ಮೇಲೆ ಕೈ ಹೊತ್ತು ಕೂತರು. ನನಗೆ ಮಾತ್ರ ಆ ಮುದುಕಿಯ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು. ನನ್ನ ಹೊಟ್ಟೆಯಲ್ಲಿ ಒಂದು ಮಾತು ಎಂಟು ದಿನ ನಿಲ್ಲುವುದಿಲ್ಲ.

ಅತ್ತೆ ಮನೆಗೆ ಬಂದರು. ಹಾಲಿನಲ್ಲಿ, ಗಲ್ಲಿಯ ಕಡೆಯ ಕಿಟಕಿಯ ಪಕ್ಕ ಕಬ್ಬಿಣದ ಮಂಚ ಹಾಕಿಸಿದೆವು. ಕನ್ನಡದ ಒಂದು ಮಾತೂ ಬರಲಿಲ್ಲ. ನಾವು ಹೇಳಿದ್ದು ಅಲ್ಪಸ್ವಲ್ಪ ತಿಳಿಯುತ್ತಿತ್ತು, ಹೇಳಲಿಕ್ಕೆ ಮಾತ್ರ ಅವರ ಹತ್ತಿರ ಉಳಿದದ್ದು ಆ ಕಿಟಕಿಯ ಪಾಠವೊಂದೇ. ಹಸಿವೆ, ನೀರು, ನೋವು ಎಂಬ ಮಾತುಗಳೂ ಇಲ್ಲ. ಹವಾ ಬಿಟ್ಟರೆ ಬೇರೇನೂ ಇಲ್ಲ. ಸರಿ, ಹವಾದ ಮಾತೇ ಆಡೋಣ ಎಂದು ನಾನು ಸಿತಾರದ ಹುಡುಗಿಯ ಬೆನ್ನು ಬಿದ್ದೆ. ಬ್ಯಾಂಕಿಗೆ ಹೋಗುವ ಮುಂಚೆ ಅರ್ಧ ಗಂಟೆ ಪಾಠ, ಫೀಸಿನ ಬದಲು ನನ್ನ ಕೈಯ ರೊಟ್ಟಿ ಮತ್ತು ಎಣ್ಣೆಗಾಯಿ.

ಅವಳು ಪುಸ್ತಕದ ಮಾತು ಕಲಿಸಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಬೇಕರಿಯ ಮುಂದೆ ಜನ ಆಡುವ ಮಾತು ಕಲಿಸಿದಳು. ಜೋರು ಮಳೆಗೆ "ಶೋವ ಅ ಪೋತಿಶ್", ಅಂದರೆ ಮಡಕೆ ಮಡಕೆಗಳಲ್ಲಿ ಸುರಿಯುತ್ತಿದೆ. ತುಂತುರಿಗೆ "ಮೋಲ್ಯ ತೋಲುಶ್", ದಡ್ಡರನ್ನು ತೋಯಿಸುವ ಮಳೆ. ಇದೇನು ಮಳೆ ಎಂದು ಕೊಡೆ ಇಲ್ಲದೆ ಹೋಗಿ ಒದ್ದೆಯಾಗಿ ಬರುವವರು ದಡ್ಡರಲ್ಲದೆ ಇನ್ನೇನು ಎಂದು ನನಗೂ ಅನ್ನಿಸಿತು. ಕೊರೆಯುವ ಚಳಿಗೆ "ಫ್ರೀಯು ದ ರಷಾರ್", ಕಟ್ಟಿಗೆ ಸೀಳುವಂಥ ಚಳಿ. ಬೇಸಿಗೆ ಬಂದಾಗ ಚಳಿಯನ್ನು ತೆಗೆದು ಅದೇ ಜಾಗದಲ್ಲಿ ಸೆಕೆ ಇಟ್ಟರಾಯಿತು, "ಕಲೋರ್ ದ ರಷಾರ್". ಮುಗಿಲು ಸ್ವಚ್ಛವಾಗಿದ್ದರೆ "ಸೆವ್ ಲೀಂಪು". ಮಂಜಿಗೆ "ನೆವುಐರು". ಆ ಮಂಜೋ ಮೋಡವೋ ಕರಗಿ ಬೆಳಕಾದರೆ "ಲೆವಂತೋ", ಎದ್ದಿತು ಎನ್ನುತ್ತಾರೆ. ಕಾಯಿಲೆಯ ಮನುಷ್ಯ ಹಾಸಿಗೆ ಬಿಟ್ಟು ಎದ್ದಂತೆ ಹವಾ ಎದ್ದಿತು. ಈ ಮಾತು ನನಗೆ ಬಹಳ ಹಿಡಿಸಿತು.

ಎಲ್ಲಕ್ಕಿಂತ ಮೊದಲು ಅವಳು ಕಲಿಸಿದ್ದು ಪ್ರಶ್ನೆ. "ಕೋಮು ಎಶ್ತಾ ಉ ತೇಂಪು?" ಹವಾ ಹೇಗಿದೆ?

ಡಿಸೆಂಬರ್ ಕೊನೆಯ ಒಂದು ಬೆಳಿಗ್ಗೆ, ಎರಡು ಸ್ವೆಟರ್ ಹಾಕಿಕೊಂಡು ಹಲ್ಲು ಕಟಕಟಿಸುತ್ತ ಅವರ ಮುಂದೆ ನಿಂತು "ಫ್ರೀಯು ದ ರಷಾರ್, ಅತ್ತೀ!" ಎಂದೆ. ಅತ್ತೆ ನನ್ನನ್ನು ನೋಡಿದರು. ಆಮೇಲೆ ಬಾಯಿಯ ಎಡಗಡೆಯಿಂದ, ಸರಿಯಿದ್ದ ಆ ಅರ್ಧದಿಂದ, ಕಿಲಕಿಲ ನಕ್ಕರು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಮಾತಿಗೆ ಅವರು ಹಾಗೆ ನಕ್ಕದ್ದಿಲ್ಲ. ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಲ್ಲಿಂದ ದಿನಾ ಬೆಳಿಗ್ಗೆ ನಾನು ಕೇಳುವುದು, ಅವರು ಕಿಟಕಿಯಾಚೆ ನೋಡಿ ಹೇಳುವುದು. ಎದುರಿನ ಮಾಳಿಗೆಯ ಮೇಲೆ ಯಾರದೋ ಸೀರೆ ಹಾರಾಡುತ್ತಿದ್ದರೆ ಗಾಳಿ ಎನ್ನುವರು. ಬಿಸಿಲು ಬಿದ್ದರೆ ಬಿಸಿಲು, ಮೋಡವಿದ್ದರೆ ಮೋಡ. ಒಂದು ದಿನವೂ ತಪ್ಪಲಿಲ್ಲ. ಡಾಕ್ಟರಿಗೆ ಹೇಳಿದಾಗ "ಭಾಳ ಒಳ್ಳೆ ಲಕ್ಷಣ. ನೋಡ್ತಿದಾರೆ, ಅರ್ಥ ಮಾಡ್ಕೊಂಡು ಹೇಳ್ತಿದಾರೆ. ಬಿಡಬೇಡಿ," ಎಂದರು.

ನಮ್ಮ ಮನೆಯವರು ಒಂದು ಮಾತನ್ನೂ ಕಲಿಯಲಿಲ್ಲ. "ಕಾಶಿಗೆ ಬಂದು, ಕಡೀ ಕಾಲಕ್ಕ, ಬಾಯಾಗ ರಾಮನ ಹೆಸರು ಬರೋದು ಬಿಟ್ಟು ಇದೇನು ಬರ್ತದ?" ಎಂದು ಮುಖ ತಿರುಗಿಸಿಕೊಳ್ಳುತ್ತಿದ್ದರು. ಸಿಟ್ಟಲ್ಲ ಅದು, ಭಯ. ಅವ್ವ ರಾಮ ಎನ್ನದೆ ಹೋಗಿಬಿಟ್ಟರೆ ತಾನು ಇಷ್ಟು ದೂರ ಕರೆದುಕೊಂಡು ಬಂದದ್ದೆಲ್ಲ ವ್ಯರ್ಥವಾಯಿತಲ್ಲ ಎಂಬ ಭಯ. ದಿನಾ ಎರಡು ಹೊತ್ತು ಆ ಬಲಕಿವಿಗೆ ಬಾಗುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ ನಮ್ಮ ಮನೆಯವರು ಮಂಚವನ್ನು ಒಳಕೋಣೆಗೆ ಹಾಕಿಸಿದರು. ಹೊಳೆಯ ಕಡೆಯ ಕಿಟಕಿಗೆ ಮುಖ ಮಾಡಿ ಮಲಗಿಸಿದರೆ ಕಣ್ಣು ಬಿಟ್ಟರೆ ಗಂಗಾದರ್ಶನ, ಅದಕ್ಕಿಂತ ಹೆಚ್ಚಿನದೇನು ಎಂದರು. ಮಂಚ ಬಾಗಿಲಲ್ಲಿ ಹಿಡಿಯಲಿಲ್ಲ, ಬೋಲ್ಟು ಬಿಚ್ಚಿ ಒಯ್ದು ಒಳಗೆ ಮತ್ತೆ ಜೋಡಿಸಬೇಕಾಯಿತು. ನಾನೂ ಕೈ ಹಚ್ಚಿದೆ. ನನಗೂ ಅದು ಸರಿ ಎಂದೇ ಅನ್ನಿಸಿತ್ತು, ಈಗ ಇದನ್ನು ಮುಚ್ಚಿಡುವುದಿಲ್ಲ.

ಮರುದಿನ ಬೆಳಿಗ್ಗೆ ಕೇಳಿದೆ. "ನೆವುಐರು," ಎಂದರು. ಮಂಜು. ಹೌದು, ಹೊರಗೆ ದಟ್ಟ ಮಂಜಿತ್ತು, ಇಲ್ಲಿಯವರು ಕೋಹ್ರಾ ಎನ್ನುವಂಥದ್ದು. ನಾನೂ ಸಿತಾರದ ಹುಡುಗಿಯೂ ಚಪ್ಪಾಳೆ ತಟ್ಟಿದೆವು.

ಜನವರಿ ಹೋಯಿತು, ನೆವುಐರು. ಫೆಬ್ರವರಿಯಲ್ಲಿ ಬಿಸಿಲು ಏರಿತು, ನೆವುಐರು. ಶಿವರಾತ್ರಿಯ ದಿನ ಬೆಳಿಗ್ಗೆ ಗಾಜಿನಂಥ ಮುಗಿಲು, ಅತ್ತೆ ನೆವುಐರು ಎಂದರು. ಹೋಳಿಯ ಹೊತ್ತಿಗೆ ಹೊಸದೊಂದು ಮಾತು ಸೇರಿಸಿದರು, "ನಾಂವ್ ಲೆವಂತ". ಎದ್ದೇಳುತ್ತಿಲ್ಲ. ಮಂಜು ಎದ್ದು ಹೋಗುತ್ತಿಲ್ಲ. ಡಾಕ್ಟರ ಹತ್ತಿರ ಓಡಿದೆ. ಡಾಕ್ಟರು ಕಣ್ಣು ಪರೀಕ್ಷೆ ಮಾಡಿಸಿದರು, ಕಣ್ಣಿಗೆ ಏನೂ ಆಗಿರಲಿಲ್ಲ. "ಒಂದೇ ಮಾತಿಗೆ ಸಿಕ್ಕಿಹಾಕ್ಕೊಂಡುಬಿಟ್ಟಿದಾರೆ ಮೇಡಂ. ಹೀಗೂ ಆಗತ್ತೆ. ಸರಿಯಾದ್ದು ಯಾವುದು ಅಂತ ದಿನಾ ತಿದ್ದಿ ಹೇಳ್ತಾ ಇರಿ," ಎಂದರು.

ಸರಿ, ತಿದ್ದಲು ಶುರು ಮಾಡಿದೆ. ತಿದ್ದುವುದೆಂದರೆ ನನಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಅವರು ನೆವುಐರು ಎಂದರೆ ನಾನು "ನಾಂವ್, ಅತ್ತೀ! ಸೆವ್ ಲೀಂಪು! ಲೆವಂತೋ, ಲೆವಂತೋ!" ಎಂದು ಕಿಟಕಿಯತ್ತ ಕೈ ತೋರಿಸಿ ಕೂಗುವುದು. ಅವರು ಇನ್ನೊಮ್ಮೆ ನೆವುಐರು ಎನ್ನುವುದು. ನಾನು ದನಿ ಏರಿಸುವುದು. ಒಂದೊಂದು ದಿನ ಬ್ಯಾಂಕಿಗೆ ಹೊತ್ತಾದ ಸಿಟ್ಟೂ ಅದರಲ್ಲಿ ಸೇರುತ್ತಿತ್ತು. ಏಪ್ರಿಲ್‌ನಲ್ಲಿ ಸೆಕೆಗೆ ಹೆದರಿ ಸಿತಾರದ ಹುಡುಗಿ ತನ್ನ ಊರಿಗೆ ಹೋದಳು. ಮೇ ಬರುವ ಹೊತ್ತಿಗೆ ಅತ್ತೆ ನನ್ನ ಪ್ರಶ್ನೆಗೆ ಉತ್ತರ ಕೊಡುವುದನ್ನೂ ಕಡಿಮೆ ಮಾಡಿದರು. ಊಟಕ್ಕೆ ಬಾಯಿ ತೆರೆಯುತ್ತಿರಲಿಲ್ಲ. ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡು ಮಲಗುತ್ತಿದ್ದರು. ನಮ್ಮ ಮನೆಯವರು ಅದನ್ನೂ ಬೇರೆಯಾಗಿಯೇ ತಿಳಿದರು. "ಅವ್ವ ಎಲ್ಲಾ ಬಿಡ್ಲಿಕ್ಕೆ ಹತ್ಯಾಳ. ಹೊರಡೋರು ಹಿಂಗ ಮಾಡ್ತಾರ," ಎಂದು ಕಣ್ಣೊರೆಸಿಕೊಂಡರು. ನಾನೂ ಹೌದೇನೋ ಎಂದುಕೊಂಡೆ.

ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೇ ಲೂ ಬೀಸುತ್ತಿತ್ತು. ಆ ಬಿಸಿಗಾಳಿಯನ್ನು ಇಲ್ಲಿ ಬದುಕಿದವರೇ ಬಲ್ಲರು. ಅತ್ತೆಯನ್ನು ನೋಡಿಕೊಳ್ಳುವ ಹೆಂಗಸು ಅವರನ್ನು ಗಾಲಿಕುರ್ಚಿಯಲ್ಲಿ ಬಚ್ಚಲಿಗೆ ಒಯ್ದಿದ್ದಳು. ನಾನು ಹಾಸಿಗೆಯ ಬಟ್ಟೆ ಬದಲಿಸುತ್ತಿದ್ದೆ. ಗಾದಿ ಎತ್ತುವಾಗ ಸೊಂಟ ಕಳಕ್ ಎಂದು ಹಿಡಿದುಕೊಂಡಿತು. ಅಯ್ಯಪ್ಪಾ ಎಂದು ಅಲ್ಲೇ ಮಂಚದ ಮೇಲೆ ಅಡ್ಡಾದೆ, ತಲೆ ಅವರ ದಿಂಬಿನ ಮೇಲೆ ಬಿತ್ತು. ಒಂದು ನಿಮಿಷ ಕಣ್ಣು ಮುಚ್ಚಿಕೊಂಡೆ. ನೋವು ಇಳಿದ ಮೇಲೆ ಕಣ್ಣು ಬಿಟ್ಟೆ.

ಗಂಗೆ ಇರಲಿಲ್ಲ.

ನಿಂತರೆ ಆ ಕಿಟಕಿಯಿಂದ ಎಲ್ಲ ಕಾಣುತ್ತದೆ. ಮೆಟ್ಟಿಲು, ದೋಣಿ, ಆಚೆ ದಂಡೆಯ ಮರಳು. ಮಲಗಿದರೆ ಬಾಲ್ಕನಿಯ ಗೋಡೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಗೋಡೆಯ ಮೇಲುಗಡೆ ಬಲಕ್ಕೆ ಒಂದು ತುಂಡು ಮುಗಿಲು ಮಾತ್ರ ಉಳಿಯುತ್ತದೆ. ಹರಿಶ್ಚಂದ್ರ ಘಾಟಿನ ನೇರಕ್ಕೆ ಬರುವ ಮುಗಿಲು ಅದು. ಆ ಮುಗಿಲಿನ ತುಂಬ ಹೊಗೆ ಇತ್ತು. ಬೂದು ಬಣ್ಣದ ದಟ್ಟ ಹೊಗೆ ಕೆಳಗಿನಿಂದ ಏಳುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು, ಇನ್ನೊಂದು ಸುರುಳಿ ಬಂದು ಅದಕ್ಕೆ ಸೇರುತ್ತಿತ್ತು. ಬೇರೆ ಏನೂ ಕಾಣುತ್ತಿರಲಿಲ್ಲ, ಒಂದು ಹಕ್ಕಿಯೂ ಇಲ್ಲ.

ಆ ಘಾಟಿನಲ್ಲಿ ಚಿತೆ ಆರುವುದಿಲ್ಲ. ಇಲ್ಲಿ ಮೂರು ವರ್ಷ ಇದ್ದವರಿಗೆ ಆ ಹೊಗೆ ಹೊಗೆಯೇ ಅಲ್ಲ. ನಾವು ಅದರ ಕೆಳಗೆ ಬಟ್ಟೆ ಒಣಹಾಕುತ್ತೇವೆ, ಹಪ್ಪಳ ಹರವುತ್ತೇವೆ, ವಾಸನೆಯೂ ಬರುವುದಿಲ್ಲ. ಅದು ಇದೆ ಎಂದೇ ನಾನು ಮರೆತುಬಿಟ್ಟಿದ್ದೆ.

"ನೆವುಐರು," ಎಂದೆ. ನನ್ನ ಬಾಯಿಂದ ತಾನಾಗಿಯೇ ಬಂತು.

ಹೊಗೆ ಎನ್ನುವ ಮಾತು ಆ ಸಾಲೆಯ ಕಿಟಕಿಯಲ್ಲಿ ಇರಲಿಲ್ಲ. ಇದ್ದ ಮಾತುಗಳಲ್ಲಿ ಹತ್ತಿರದ್ದನ್ನು ಆರಿಸಿ, ಕಂಡದ್ದನ್ನು ಕಂಡಹಾಗೆ, ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಅವರು ಹೇಳಿದ್ದರು. ದಟ್ಟವಾಗಿದೆ. ಎದ್ದೇಳುತ್ತಿಲ್ಲ. ನಾನು ಕಿಟಕಿಯ ಮುಂದೆ ನಿಂತುಕೊಂಡು, ನನಗೆ ಕಂಡ ಸ್ವಚ್ಛ ಮುಗಿಲನ್ನು ತೋರಿಸಿ, ನಿಮ್ಮದು ತಪ್ಪು ಎಂದು ಕೂಗಿದ್ದೆ. ಕೈ ಕಾಲು ಆಡದ ಒಂದು ಮುದಿ ಜೀವವನ್ನು ಹಗಲೆಲ್ಲ ಹೆಣದ ಹೊಗೆಗೆ ಮುಖ ಮಾಡಿ ಮಲಗಿಸಿ, ಅದನ್ನು ದರ್ಶನ ಎಂದು ಕರೆದಿದ್ದೆವು. ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಮಲಗಿದಲ್ಲಿಂದಲೇ ಗಂಡನನ್ನು ಕೂಗಿದೆ. ನನ್ನ ದನಿ ಕೇಳಿ ಅವರು ಓಡಿ ಬಂದರು, ಏನೋ ಬಿದ್ದೇಬಿಟ್ಟಳು ಎಂದುಕೊಂಡು.

"ಇಲ್ಲಿ ಮಲಗಿ ನೋಡ್ರಿ," ಎಂದೆ, ಸೊಂಟ ಹಿಡಿದುಕೊಂಡು ಎದ್ದು.

"ಏನು ನೋಡೋದದ? ಗಂಗಾ ಕಾಣಸ್ತಾಳ."

"ನಿಂತರ ಕಾಣಸ್ತಾಳ. ನಿಮ್ಮವ್ವ ನಿಂತಾರೇನು? ಮಲಗ್ರಿ ಮೊದಲ."

ಅವ್ವನ ಹಾಸಿಗೆಯ ಮೇಲೆ ಹೇಗೆ ಮಲಗುವುದು ಎಂದು ಹಿಂದೆ ಮುಂದೆ ನೋಡಿದರು. ನಾನು ಹಿಡಿದು ಕೂರಿಸಿದೆ. ನಿಧಾನವಾಗಿ ತಲೆ ಇಟ್ಟರು. ಕಿಟಕಿಯ ಕಡೆ ನೋಡಿದರು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವರು ಮುಂಗೈಯನ್ನು ಕಣ್ಣಿನ ಮೇಲೆ ಅಡ್ಡ ಇಟ್ಟುಕೊಂಡರು.

"ನಾ ದಿನಾ ಕೇಳ್ತಿದ್ದೆ," ಎಂದರು. "ಗಂಗಾ ಕಾಣಸ್ತಾಳೇನವ್ವಾ ಅಂತ. ಆಕಿ ನೆವುಐರು ಅಂತಿದ್ಲು."

ಆಗಲೇ ನನಗೆ ಮೂರು ವರ್ಷದ ಹಿಂದೆಯೇ ಕೇಳಬೇಕಾಗಿದ್ದ ಪ್ರಶ್ನೆ ನೆನಪಾಯಿತು. "ಕಾಶಿಗೆ ಬರ್ತೀನಿ ಅಂತ ಅವ್ವ ತಾವಾಗೇ ಹೇಳಿದ್ರೇನ್ರೀ?"

ಅವರು ಕೈ ತೆಗೆಯಲಿಲ್ಲ. "ಹೋಗೋಣೇನವ್ವಾ ಅಂದೆ. ನೀವೆಲ್ಲಿರ್ತೀರೋ ಅಲ್ಲೇ ನಾನೂ ಅಂದ್ಲು."

"ಅಷ್ಟ?"

"ಅಷ್ಟ."

ನಮ್ಮ ಜೊತೆ ಇರುತ್ತೇನೆ ಎಂದ ಹೆಂಗಸನ್ನು ನಾವು ಹೊರಡಲಿಕ್ಕೆ ಸಿದ್ಧ ಮಾಡಿ ಕೂರಿಸಿದ್ದೆವು. ಕಾಶಿ ಎಂದರೆ ಯಾವ ಮುದುಕಿ ಒಲ್ಲೆ ಎನ್ನುತ್ತಾಳೆ ಎಂದು ನಾವೇ ತಿಳಿದುಕೊಂಡೆವು, ಕೇಳಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಬೈಯಬೇಕೆಂದು ಬಾಯಿ ತೆರೆದವಳು ಅವರ ಅವಸ್ಥೆ ನೋಡಿ ಮುಚ್ಚಿದೆ. ಎರಡು ತಿಂಗಳು ಕೂಗಿದವಳಿಗೆ ಯಾವ ಬಾಯಿ?

ಅವರು ಎದ್ದು ಸ್ಪ್ಯಾನರ್ ತಂದರು. ಲೂ ಬೀಸುತ್ತಿದ್ದ ಹೊತ್ತಿನಲ್ಲಿ ಬೆವರು ಸುರಿಸುತ್ತ ಒಂದೊಂದೇ ಬೋಲ್ಟು ಬಿಚ್ಚಿದರು. ನಾನೂ ಆ ಹೆಂಗಸೂ ಒಂದೊಂದು ಕಡೆ ಹಿಡಿದೆವು, ನನ್ನ ಸೊಂಟ ಏನಾದರೂ ಆಗಲಿ ಎಂದು. ಅತ್ತೆ ಗಾಲಿಕುರ್ಚಿಯಲ್ಲಿ ಕೂತು, ಒದ್ದೆ ಕೂದಲಲ್ಲಿ, ನಮ್ಮನ್ನು ಎಡಕ್ಕೂ ಬಲಕ್ಕೂ ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮಂಚ ಹಾಲಿನಲ್ಲಿ, ಗಲ್ಲಿಯ ಕಿಟಕಿಯ ಪಕ್ಕ, ಮೊದಲಿದ್ದ ಜಾಗದಲ್ಲಿತ್ತು. ಈ ಸಲ ನಾವಿಬ್ಬರೂ ಸರದಿಯ ಮೇಲೆ ಅದರ ಮೇಲೆ ಮಲಗಿ ನೋಡಿದೆವು. ಎದುರಿನ ಮಾಳಿಗೆ ಕಂಡಿತು, ಒಣಹಾಕಿದ್ದ ಒಂದು ಕೆಂಪು ಸೀರೆ ಕಂಡಿತು, ನೀರಿನ ಟ್ಯಾಂಕಿನ ಮೇಲೆ ಕೂತ ಮಂಗ ಕಂಡಿತು. ಮೇಲೆ ಬೆಳ್ಳಗಿನ ಸುಡು ಮುಗಿಲು. ಹೊಗೆ ಇರಲಿಲ್ಲ. ಬಿಸಿಲು ಬಿದ್ದ ಕೂಡಲೇ ಕಿಟಕಿಗೆ ಒದ್ದೆ ಚಾದರ ಕಟ್ಟಿದೆವು. ಸಂಜೆ ಅತ್ತೆ ಅರ್ಧ ಬಟ್ಟಲು ಗಂಜಿ ಕುಡಿದರು, ಮಾತು ಮಾತ್ರ ಒಂದೂ ಆಡಲಿಲ್ಲ.

ಮರುದಿನ ಬೆಳಿಗ್ಗೆ ಚಾದರ ತೆಗೆದು, ಯಾವತ್ತಿನಂತೆ ಕೇಳಲು ಮಂಚದ ಹತ್ತಿರ ಹೋದೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು. ಇವರು ಇನ್ನು ನನಗೆ ಯಾಕೆ ಉತ್ತರ ಕೊಡಬೇಕು?

ನಮ್ಮ ಮನೆಯವರು ಕೈ ಅಡ್ಡ ಹಿಡಿದು ನನ್ನನ್ನು ತಡೆದರು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಿದ್ದರು. ಮಂಚದ ಪಕ್ಕ ಮಂಡಿಯೂರಿ ಆ ಬಲಕಿವಿಗೆ ಬಾಗಿದರು. ಅತ್ತೆ ಕಣ್ಣು ಮುಚ್ಚಿಕೊಂಡರು. ಇವತ್ತೂ ರಾಮನೇ ಎಂದು ನನಗೆ ಸಿಟ್ಟು ನೆತ್ತಿಗೇರಿತು.

"ಕೋಮು ಎಸ್ಟಾ ಉ ಟೆಂಪು, ಅವ್ವಾ?" ಎಂದರು.

ಅದು ಪೋರ್ಚುಗೀಸ್ ಎಂದು ಪೋರ್ಚುಗೀಸರೂ ಒಪ್ಪುತ್ತಿರಲಿಲ್ಲ. ಐದು ತಿಂಗಳು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತ ಕೂತವರು ನನ್ನ ಬಾಯಿಂದ ಕೇಳಿಯೇ ಕಲಿತಿದ್ದರು.

ಅತ್ತೆ ಕಣ್ಣು ಬಿಟ್ಟರು. ತಲೆಯನ್ನು ಕಷ್ಟಪಟ್ಟು ಹೊರಳಿಸಿ ಮಗನ ಮುಖ ನೋಡಿದರು. "ತೇಂಪು," ಎಂದು ತಿದ್ದಿದರು, ನಾಲಿಗೆಯನ್ನು ಹಲ್ಲಿಗೆ ತಾಗಿಸಿ ತೋರಿಸುತ್ತ.

"ಟೇಂಪು," ಎಂದರು ಅವರು.

"ತೇಂಪು."

"ತೇಂಪು," ಎಂದರು ಅರವತ್ತಕ್ಕೆ ಹತ್ತಿರ ಬಂದ ನನ್ನ ಗಂಡ, ಕೆನ್ನೆಯ ಮೇಲೆ ನೀರು ಇಳಿಯುತ್ತಿರಲು.

ಅತ್ತೆಗೆ ಸಮಾಧಾನವಾಯಿತು. ಆಮೇಲೆ ಪ್ರಶ್ನೆಗೆ ಉತ್ತರ ಹೇಳಬೇಕಲ್ಲ, ಕಿಟಕಿಯ ಕಡೆ ತಿರುಗಿದರು. ಕೆಂಪು ಸೀರೆಯನ್ನು ಯಾರೋ ತೆಗೆದಿದ್ದರು, ಹಗ್ಗ ಖಾಲಿಯಿತ್ತು. ಅವರು ಅವಸರ ಮಾಡಲಿಲ್ಲ. ಮಾಳಿಗೆಯನ್ನು ನೋಡಿದರು, ಟ್ಯಾಂಕನ್ನು ನೋಡಿದರು, ಮೇಲೆ ಮುಗಿಲನ್ನು ನೋಡಿದರು.

"ಲೆವಂತೋ," ಎಂದರು.

ನಮ್ಮ ಮನೆಯವರು ಮಂಡಿಯೂರಿದಲ್ಲಿಂದಲೇ ನನ್ನ ಕಡೆ ತಿರುಗಿದರು. "ಏನಂದ್ಲು?"

"ಮಬ್ಬು ಹೋತಂತ," ಎಂದೆ.